ಗಡಿಯಾರದ ನಿಷ್ಠೆ ಯಾರಿಗೆ?

ಗಡಿಯಾರವು ಯಾರಿಗೆ ನಿಷ್ಠವಾಗಿರಬೇಕು? ಆಕಾಶದ ಸೂರ್ಯನಿಗೋ, ತನ್ನದೇ ಸಮಗತಿಗೋ? ಮೇಲ್ನೋಟಕ್ಕೆ ಇದು ವಿಜ್ಞಾನಿಗಳ ಗೊಡವೆಯೆಂದು ತೋರಬಹುದು. ಆದರೆ ರಾತ್ರಿಭೋಜನ ತ್ಯಾಗದ ನಿಯಮವನ್ನು ಪಾಲಿಸುವ ಮನೆಗಳಲ್ಲಿ ಇದು ಹೊಸ ಪ್ರಶ್ನೆಯೇನಲ್ಲ. ಅಲ್ಲಿ ಆಯಾ ಊರಿನ ಸೂರ್ಯಾಸ್ತವೇ ಪ್ರಮಾಣ. ಗಡಿಯಾರವು ಅದನ್ನು ತಿಳಿಸುವ ಸಾಧನ ಮಾತ್ರ.

ಮೊದಲು ಸೆಕೆಂಡು ಎಂಬುದು ದಿನದ 86,400ನೆಯ ಒಂದು ಭಾಗವಾಗಿತ್ತು, ಅಂದರೆ ಭೂಮಿಯ ಮಗುವಾಗಿತ್ತು. 1967ರಲ್ಲಿ ಅದನ್ನು ಸೀಸಿಯಂ ಪರಮಾಣುವಿನ 919 ಕೋಟಿ 26 ಲಕ್ಷ 31 ಸಾವಿರದ 770 ಕಂಪನಗಳ ಅವಧಿಯೆಂದು ನಿರ್ಣಯಿಸಲಾಯಿತು. ಪರಮಾಣು ತಪ್ಪುವುದಿಲ್ಲ, ಭೂಮಿಯಾದರೋ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಚಂದ್ರನ ಸೆಳೆತದಿಂದಾಗುವ ಸಮುದ್ರದ ಉಬ್ಬರವಿಳಿತಗಳು ಅದನ್ನು ಅತಿ ನಿಧಾನವಾಗಿ ತಡೆಯುತ್ತವೆ. ಭೂಗರ್ಭದ ಚಲನೆ, ಧ್ರುವಪ್ರದೇಶದ ಹಿಮದ ಕರಗುವಿಕೆ ಇವೂ ತಮ್ಮ ಪಾಲನ್ನು ಸೇರಿಸುತ್ತವೆ. ಚಾಂದ್ರಮಾನವನ್ನು ಋತುಗಳೊಡನೆ ಹೊಂದಿಸಲು ಅಧಿಕಮಾಸ ಬಂದಂತೆ, 1972ರಿಂದ ಅಧಿಕ ಸೆಕೆಂಡು ಬಂದಿತು. ಈವರೆಗೆ 27 ಬಾರಿ ಅದನ್ನು ಸೇರಿಸಲಾಗಿದೆ. ಕೊನೆಯದು ಭಾರತದ ಪಾಲಿಗೆ 2017ರ ಜನವರಿ 1ರಂದು, ಬೆಳಗಿನ ಐದೂವರೆಗೆ ಸರಿಯಾಗಿ ಮುನ್ನ ಬಂದುಹೋಯಿತು. ಬಹುಶಃ ಯಾರ ನಿದ್ದೆಯೂ ಕೆಡಲಿಲ್ಲ.

ಗಣಕಯಂತ್ರಗಳ ಸಂಗತಿ ಬೇರೆ. ಒಂದು ನಿಮಿಷದಲ್ಲಿ 61 ಸೆಕೆಂಡುಗಳಿರುವುದು ಅವುಗಳಿಗೆ ಒಗ್ಗದು. 2012ರಲ್ಲಿ ಹಲವು ಜಾಲಗಳು ಇದರಿಂದ ತಡವರಿಸಿದವು. ಹೀಗಾಗಿ 2022ರಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಮಹಾಸಭೆಯು, 2035ರೊಳಗೆ ಈ ಅಂತರದ ಮಿತಿಯನ್ನು ಹಿಗ್ಗಿಸಿ, ಕನಿಷ್ಠ 100 ವರ್ಷ ತಿದ್ದುಪಡಿಯ ಅಗತ್ಯ ಬೀಳದಂತೆ ಮಾಡಲು ನಿರ್ಧರಿಸಿತು.

ಇದು ನ್ಯಾಯವೇ? ಕಾಸರಗೋಡಿನಲ್ಲಿ ಗಡಿಯಾರವು ಹನ್ನೆರಡು ತೋರಿಸಿದ ಮೇಲೆ ಸೂರ್ಯನು ಮಧ್ಯಾಹ್ನರೇಖೆಗೆ ಬರಲು ಸರಾಸರಿ ಅರ್ಧ ಗಂಟೆ ಬೇಕು. ಭಾರತದ ಕಾಲಮಾನವು 82.5 ಡಿಗ್ರಿ ರೇಖಾಂಶದ್ದು. ಆ ಊರು ಇರುವುದು 75 ಡಿಗ್ರಿಯಲ್ಲಿ. ಅದನ್ನು ಯಾರೂ ಸುಳ್ಳೆನ್ನುವುದಿಲ್ಲ. ಅರ್ಧ ಗಂಟೆಯನ್ನು ಸಹಿಸುವವರು ಒಂದು ಸೆಕೆಂಡಿಗೆ ಏಕೆ ಮಿಡುಕಬೇಕೆಂಬ ವಾದಕ್ಕೆ ಬಲವಿಲ್ಲದಿಲ್ಲ. ಆದರೂ ಆ ಅರ್ಧ ಗಂಟೆ ಸ್ಥಿರವಾದುದು, ಎಲ್ಲರೂ ಅರಿತು ಒಪ್ಪಿದ್ದು. ಇದಾದರೋ ಬಡ್ಡಿಯಂತೆ ಕೂಡುತ್ತ ಹೋಗುವ ಬಾಕಿ. ಸಲ್ಲಿಸಬೇಕಾದವರು ಒಪ್ಪಂದದ ಸಭೆಯಲ್ಲಿ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ. ಬಾಕಿಯನ್ನು ಮುಂದೂಡುವುದು ಅನ್ಯಾಯವಲ್ಲ, ಲೆಕ್ಕವನ್ನು ಮರೆಮಾಡಿದರೆ ಮಾತ್ರ ಅನ್ಯಾಯ. ಆ ಲೆಕ್ಕವನ್ನು ಈಗಂತೂ ಯಾರೂ ಮುಚ್ಚಿಟ್ಟಿಲ್ಲ. ಸೆಕೆಂಡನ್ನು ಸೇರಿಸಬೇಕೇ ಬೇಡವೇ ಎಂಬ ಪ್ರಕಟಣೆಯು ಪ್ಯಾರಿಸ್ಸಿನ ವೀಕ್ಷಣಾಲಯದಿಂದ ಆರು ತಿಂಗಳಿಗೊಮ್ಮೆ ಹೊರಡುತ್ತದೆ.