ತಣಿಯುವ ಮಿದುಳು

ಖಿನ್ನತೆಗೆ ‘ಕರೆಂಟ್ ಕೊಡುತ್ತಾರಂತೆ’ ಎಂದರೆ ಸಾಕು, ಕೇಳಿದವರು ಬೆಚ್ಚುತ್ತಾರೆ. ನನ್ನ ಬೆರಗೆಲ್ಲ ಆ ಕರೆಂಟ್ ನಿಂತ ಮೇಲಿನದು. ವಿದ್ಯುತ್ತು ಹರಿಯುವುದು ಕೆಲವೇ ಸೆಕೆಂಡು. ಅದು ಎಬ್ಬಿಸಿದ ಸೆಳವು ಅರ್ಧ ನಿಮಿಷವೋ ಒಂದು ನಿಮಿಷವೋ ಇರುತ್ತದೆ. ಆಮೇಲೆ, ಹೆಚ್ಚಿನ ಸಲ, ಯಾರೂ ತಡೆಯದೆ ತಾನಾಗಿ ನಿಲ್ಲುತ್ತದೆ. ಕೋಟ್ಯಂತರ ನರಕೋಶಗಳು ಒಂದೇ ತಾಳಕ್ಕೆ ಸಿಡಿಯುತ್ತಿರುವಾಗ ‘ಸಾಕು’ ಎಂದವರಾರು? ಆ ಮಿದುಳೇ.

ಈ ಚಿಕಿತ್ಸೆ ಹುಟ್ಟಿದ್ದೇ ಒಂದು ತಪ್ಪು ಊಹೆಯಿಂದ. ಮೂರ್ಛೆರೋಗವೂ ಸ್ಕಿಜೋಫ್ರೇನಿಯವೂ ಒಂದೇ ತಲೆಯಲ್ಲಿ ಇರಲಾರವು ಎಂದು ನಂಬಿದ್ದ ಹಂಗೆರಿಯ ವೈದ್ಯ ಮೆಡುನಾ 1934ರಲ್ಲಿ ಕರ್ಪೂರದ ಚುಚ್ಚುಮದ್ದು ಕೊಟ್ಟು ಸೆಳವು ಬರಿಸಿದರು. 1938ರಲ್ಲಿ ರೋಮಿನ ಚೆರ್ಲೆಟ್ಟಿ ಮತ್ತು ಬಿನಿ ಅದೇ ಕೆಲಸಕ್ಕೆ ವಿದ್ಯುತ್ತನ್ನು ಬಳಸಿದರು. ನಂಬಿಕೆ ಬಿದ್ದುಹೋಯಿತು, ಚಿಕಿತ್ಸೆ ಉಳಿಯಿತು. ಅದು ಚೆನ್ನಾಗಿ ಫಲಿಸಿದ್ದು ತೀವ್ರ ಖಿನ್ನತೆಯಲ್ಲಿ.

ಸೆಳವು ಮುಗಿದ ಕೂಡಲೇ, ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿಯ ಗೆರೆ ಹೆಚ್ಚುಕಡಿಮೆ ಚಪ್ಪಟೆಯಾಗುತ್ತದೆ. ಚಿಕಿತ್ಸೆಯ ಸರದಿಗಳು ಕಳೆದಂತೆ ಎಚ್ಚರದಲ್ಲೂ ನಿಧಾನದ ಅಲೆಗಳು ಹೆಚ್ಚುತ್ತವೆ. ಮುಂದಿನ ಸೆಳವು ಬರಿಸಲು ಅನೇಕರಿಗೆ ಮೊದಲಿಗಿಂತ ಹೆಚ್ಚು ವಿದ್ಯುತ್ತು ಬೇಕಾಗುತ್ತದೆ. ಮಿದುಳು ತಣಿಯುವುದನ್ನು ಕಲಿಯುತ್ತಿದೆ! ಗುಣ ಕೊಡುವುದು ಸೆಳವನ್ನು ಆರಿಸುವ ಈ ಶಕ್ತಿಯೇ ಇರಬಹುದು ಎಂದು ವಾದಿಸುವ ವಿಜ್ಞಾನಿಗಳಿದ್ದಾರೆ.

ನಿಧಾನದ ಅಲೆಗಳೆಂದರೆ ಗಾಢನಿದ್ರೆ ನೆನಪಾಗುತ್ತದೆ. ಖಿನ್ನರಾದ ಅನೇಕರಲ್ಲಿ ಆ ನಿದ್ರೆಯೇ ಸೊರಗಿರುತ್ತದೆ. ಕನಸಿನ ಹಂತ ಬೇಗನೆ ನುಗ್ಗುತ್ತದೆ. ಹಾಗೆಂದು ಚಿಕಿತ್ಸೆಯ ಅಲೆಗಳನ್ನೇ ನಿದ್ರೆ ಎಂದುಬಿಡುವಂತಿಲ್ಲ. ನಿದ್ರೆಯ ಲೆಕ್ಕ ಅಷ್ಟು ಸರಳವೂ ಅಲ್ಲ. ಒಂದು ರಾತ್ರಿ ಪೂರ್ತಿ ಎಚ್ಚರವಿದ್ದರೆ ಎಷ್ಟೋ ಖಿನ್ನರ ಮನಸ್ಸು ಬೆಳಗಾಗುವಷ್ಟರಲ್ಲಿ ಹಗುರಾಗುತ್ತದೆ, ಮತ್ತೆ ಮಲಗೆದ್ದರೆ ಭಾರ ಮರಳುತ್ತದೆ. ನಿದ್ದೆ ಕೆಡುವುದು ರೋಗದ ಲಕ್ಷಣ, ನಿದ್ದೆಗೆಟ್ಟರೆ ಕ್ಷಣಿಕ ಬಿಡುಗಡೆ! ಇದನ್ನು ಬಿಡಿಸಿ ಹೇಳಬಲ್ಲ ಒಂದೇ ಸೂತ್ರ ಇನ್ನೂ ಸಿಕ್ಕಿಲ್ಲ.

ಇನ್ನು ಮಿದುಳಿನ ಜಾಲಗಳು. ನಾವು ಸುಮ್ಮನೆ ಕೂತಾಗ, ನಮ್ಮ ಬಗ್ಗೆಯೇ ಯೋಚಿಸುವಾಗ ಚುರುಕಾಗುವ ಜಾಲವೊಂದಿದೆ. 2001ರಲ್ಲಿ ಮಾರ್ಕಸ್ ರೈಕ್ಲೆ ಬಳಗ ಅದನ್ನು ಗುರುತಿಸಿತು. ಹೋದದ್ದನ್ನೇ ಮೆಲುಕು ಹಾಕುವ ಖಿನ್ನತೆಯ ಸ್ವಭಾವಕ್ಕೂ ಈ ಜಾಲಕ್ಕೂ ನಂಟಿದೆ ಎನ್ನುತ್ತಾರೆ. 2012ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಒಂಬತ್ತು ರೋಗಿಗಳನ್ನು ಪರೀಕ್ಷಿಸಿದಾಗ, ಈ ಚಿಕಿತ್ಸೆಯ ನಂತರ ಹಣೆಯ ಹಿಂದಿನ ಒಂದು ಭಾಗಕ್ಕೆ ಇತರ ಭಾಗಗಳೊಂದಿಗಿದ್ದ ಬಿಗಿ ಸಂಪರ್ಕ ಸಡಿಲಗೊಂಡಿತ್ತು. ಅಧ್ಯಯನ ಚಿಕ್ಕದು, ಅದು ಎತ್ತಿದ ಪ್ರಶ್ನೆ ದೊಡ್ಡದು. ದುಃಖವೆಂದರೆ ಮಿದುಳಿನ ಭಾಗಗಳು ಒಂದನ್ನೊಂದು ಬಿಡದೆ ಹಿಡಿದುಕೊಳ್ಳುವುದೇ?

ಬೆರಗಿಗೂ ಬೆಲೆಯಿದೆ. ಚಿಕಿತ್ಸೆಯ ಆಸುಪಾಸಿನ ದಿನಗಳ ನೆನಪು ಮಸುಕಾಗುತ್ತದೆ. ಕೆಲವರಿಗೆ ಹಳೆಯ ನೆನಪುಗಳೂ ಮರಳದೆ ಹೋಗುತ್ತವೆ. ಅದನ್ನು ಮುಚ್ಚಿಡುವುದು ರೋಗಿಗೆ ಮಾಡುವ ಅನ್ಯಾಯ. ಎಚ್ಚರವಿರುವವರನ್ನು ಹಿಡಿದುಕಟ್ಟಿ ಶಾಕ್ ಕೊಡುವ ಸಿನಿಮಾ ದೃಶ್ಯವನ್ನೇ ಇಂದಿನ ಚಿಕಿತ್ಸೆ ಎಂದು ನಂಬಿಸುವುದೂ ಅನ್ಯಾಯವೇ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಕೊಡದೆ ಇದನ್ನು ಮಾಡುವುದನ್ನು ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಚಿಕಿತ್ಸೆಯೂ ಅದರ ಸಂಶೋಧನೆಯೂ ದಶಕಗಳಿಂದ ನಡೆದಿವೆ. ಮನೆಯವರೊಬ್ಬರಿಗೆ ವೈದ್ಯರು ಇದನ್ನು ಸೂಚಿಸಿದರೆ ಭಯದಿಂದ ಎದ್ದು ಬರಬೇಡಿ. ಎಷ್ಟು ಸರದಿ, ಗುಣ ಎಷ್ಟು, ನೆನಪಿಗೆ ಏನಾಗಬಹುದು ಎಂದು ಕೂತು ಕೇಳಿ, ಆಮೇಲೆ ನಿರ್ಧರಿಸಿ.