ಕಾಸು ಕೊಟ್ಟವನ ಮೇಲೇ ಕಾವಲು

ಕೋಡ್ ಬರೆದು ಸಂಬಳ ತಗೊಳ್ಳೋನು ನಾನು. ಗೇಮ್ ಕದ್ದು ಆಡೋದು ಸರಿ ಅಂತ ವಾದಿಸಲಾರೆ. ಆದರೆ ಕಳ್ಳನಿಗೆ ಅಂತ ಹಾಕಿದ ಬೀಗ ಯಾರ ಬಾಗಿಲಿಗೆ ಬೀಳುತ್ತೆ, ನೋಡಿ.

2010ರಲ್ಲಿ ಯೂಬಿಸಾಫ್ಟ್ ತನ್ನ 'ಅಸ್ಯಾಸಿನ್ಸ್ ಕ್ರೀಡ್ 2' ಗೇಮನ್ನು ಪಿಸಿಗೆ ತಂದಾಗ, ಒಬ್ಬರೇ ಕೂತು ಆಡುವ ಆಟಕ್ಕೂ ಸದಾ ಇಂಟರ್‌ನೆಟ್ ಇರಲೇಬೇಕು ಅಂದಿತು. ಅದೇ ಮಾರ್ಚ್‌ನಲ್ಲಿ ಸರ್ವರ್‌ಗಳ ಮೇಲೆ ದಾಳಿಯಾಯ್ತು. ದುಡ್ಡು ಕೊಟ್ಟವರಲ್ಲಿ ಕೆಲವರಿಗೆ ಲಾಗಿನ್ ಆಗೋದಕ್ಕೇ ಆಗಲಿಲ್ಲ. ಬೀಗ ಒಡೆದ ಪ್ರತಿಗೆ ಸರ್ವರಿನ ಹಂಗೇ ಇರಲ್ಲ!

ಬೇಲಿ ಬೇಡ ಅಂತಲ್ಲ. ನಮ್ಮೂರಲ್ಲೂ ಹೊಲಕ್ಕೆ ಬೇಲಿ ಹಾಕ್ತೀವಿ. ಆದರೆ ರಾಗಿ ಕೊಂಡವನ ಅಡುಗೆಮನೆಗೆ ಹಾಕಲ್ಲ.

ಬೀಗವಿಲ್ಲದಿದ್ದರೆ ವ್ಯಾಪಾರ ಮುಳುಗುತ್ತೆ ಅಂತಾರೆ. 2015ರ 'ದಿ ವಿಚರ್ 3' ಗೇಮಿನ ಬೀಗವಿಲ್ಲದ ಪ್ರತಿಯೂ ಮೊದಲ ದಿನದಿಂದಲೇ ಮಾರಾಟಕ್ಕಿತ್ತು. ಆದರೂ 2023ರ ಹೊತ್ತಿಗೆ ಆ ಗೇಮಿನ ಒಟ್ಟು 5 ಕೋಟಿಗೂ ಹೆಚ್ಚು ಪ್ರತಿ ಖರ್ಚಾದವು.

ಕದಿಯೋದು ಯಾಕೆ ತಪ್ಪು? ದುಡಿದವನಿಗೆ ಸಲ್ಲಬೇಕಾದ್ದು ಸಲ್ಲೋದಿಲ್ಲ, ಅದಕ್ಕೆ. ಹಾಗಾದರೆ ದುಡ್ಡು ಎಣಿಸಿಕೊಂಡ ಮೇಲೂ ಬೀಗದಕೈ ತನ್ನ ಜೇಬಲ್ಲೇ ಇಟ್ಟುಕೊಳ್ಳೋದು? ಕೊಂಡವನಿಗೂ ಸಲ್ಲಬೇಕಾದ್ದು ಒಂದಿದೆಯಲ್ಲ.