ರಥ ಹತ್ತಿ ಪಕ್ಕದಲ್ಲಿ ಕೂತವನು

ಅಪೊಸ್ತಲರ ಕೃತ್ಯಗಳು 8ನೇ ಅಧ್ಯಾಯ, 26ನೇ ವಚನದಿಂದ ತೆಗೀರಿ.

ಹೋದ ತಿಂಗಳು ನಮ್ಮ ಸಭೆಯ ಒಬ್ಬ ಸಹೋದರಿ ಮಗನನ್ನು ಪ್ರಾರ್ಥನೆಗೆ ಕರ್ಕೊಂಡು ಬಂದ್ರು. ಅವರು ಮನೆಕೆಲಸ ಮಾಡ್ತಾರೆ. ಹುಡುಗ ಒಂಬತ್ತನೇ ಕ್ಲಾಸು, ಸ್ಕೂಲ್ ಬಿಟ್ಟು ಗ್ಯಾರೇಜಿಗೆ ಹೋಗ್ತೀನಿ ಅಂತಾನೆ. ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಕಳಿಸಿದೆ. ಮುಂದಿನ ಭಾನುವಾರ ಯೂತ್ ಮೀಟಿಂಗಲ್ಲಿ ಎಲ್ರೂ ಒಂದೊಂದು ವಚನ ಓದ್ತಿದ್ರು. ಇವನ ಸರದಿ ಬಂದಾಗ ನೀರು ಕುಡಿದು ಬರ್ತೀನಿ ಅಂತ ಎದ್ದು ಹೋದ. ಆಗ ಗೊತ್ತಾಯ್ತು, ಅವನಿಗೆ ಸರಿಯಾಗಿ ಓದೋಕೆ ಬರಲ್ಲ. ಮೂರು ವರ್ಷದಿಂದ ನಮ್ಮ ಜೊತೆ ಹಾಡ್ತಿದ್ದಾನೆ, ಯಾರೂ ಗಮನಿಸಿಲ್ಲ. ಪಾಸ್ಟರ್ ಅಂತೂ ಇಲ್ಲವೇ ಇಲ್ಲ. (ಅವನನ್ನು ಕೇಳಿಯೇ ಇದನ್ನು ಹೇಳ್ತಿದ್ದೀನಿ.) ಅವನ ತಾಯಿ ಏನು ಬರೆದಿದೆ ಅಂತ ತಿಳಿಯದೆ ಒಂದು ಸಾಲದ ಪೇಪರಿಗೆ ಹೆಬ್ಬೆಟ್ಟು ಒತ್ತಿದ್ರು. ಇವತ್ತಿಗೂ ಬಡ್ಡಿ ಕಟ್ತಿದ್ದಾರೆ. ಮಗನೂ ಅದೇ ದಾರಿಗೆ ಬಂದು ನಿಂತಿದ್ದಾನೆ.

ಈಗ ವಾಕ್ಯ ನೋಡಿ. ಕಂಚುಕಿ ರಾಣಿಯ ಖಜಾನೆ ನೋಡ್ಕೊಳ್ಳೋ ಅಧಿಕಾರಿ. ಆದ್ರೂ ಧರ್ಮೋಪದೇಶಕಾಂಡ 23:1ರ ಪ್ರಕಾರ ಅಂಥವನಿಗೆ ಸಭೆಯಲ್ಲಿ ಜಾಗ ಇಲ್ಲ. ಯೆಶಾಯನ ಗ್ರಂಥ ಓದ್ತಿದ್ದಾನೆ, ಅರ್ಥ ಹೇಳೋರಿಲ್ಲ. ಫಿಲಿಪ್ಪ ದೂರದಿಂದ ಆಶೀರ್ವಾದ ಮಾಡಿ ಹೋಗಲಿಲ್ಲ. ಓಡಿದ, ರಥ ಹತ್ತಿದ, ಪಕ್ಕದಲ್ಲಿ ಕೂತ. ಅವನು ಓದ್ತಿದ್ದ ಜಾಗದಿಂದಲೇ ಶುರು ಮಾಡಿದ. ಹಲ್ಲೆಲೂಯ!

ಪಂಡಿತಾ ರಮಾಬಾಯಿ ಅವರ ಮುಕ್ತಿ ಮಿಷನ್‌ನಲ್ಲಿ 1905ರಲ್ಲಿ ಆದ ಉಜ್ಜೀವನದ ಬಗ್ಗೆ ನಾವೆಲ್ಲ ಕೇಳಿದ್ದೀವಿ. ಅದಕ್ಕೆ ಮುಂಚೆ ಅಲ್ಲಿ ಏನಿತ್ತು? 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಹೆಣ್ಣುಮಗಳು ಅವರು. ಊರವರ ವಿರೋಧ ಇದ್ರೂ ತಂದೆ ತಾಯಿಗೆ ಸಂಸ್ಕೃತ ಕಲಿಸಿದ್ರು, ತಾಯಿ ಮಗಳಿಗೆ ಕಲಿಸಿದ್ರು. ಮುಂದೆ 1896-97ರ ಬರಗಾಲದಲ್ಲಿ ಹಸಿದ ಹೆಣ್ಣುಮಕ್ಕಳನ್ನು ರಮಾಬಾಯಿ ಪುಣೆ ಹತ್ತಿರದ ಕೇಡಗಾಂವ್‌ಗೆ ಕರ್ಕೊಂಡು ಬಂದ್ರು. ಅನ್ನ ಹಾಕಿ ಸುಮ್ಮನಾಗಲಿಲ್ಲ. ಅಕ್ಷರ, ನೇಯ್ಗೆ, ಮುದ್ರಣದ ಕೆಲಸ ಕಲಿಸಿದ್ರು. ಅವರು ಅನುವಾದಿಸಿದ ಮರಾಠಿ ಬೈಬಲ್‌ಗೆ ಮೊಳೆ ಜೋಡಿಸಿದ್ದು ಅಲ್ಲಿನ ಹೆಂಗಸರೇ. ಪ್ರಿಯರೇ, ಬೆಂಕಿ ಬಿದ್ದ ಆ ಜಾಗ ಒಂದು ಶಾಲೆಯೂ ಆಗಿತ್ತು! ನಾವು ಬೆಂಕಿ ಮಾತ್ರ ಕೇಳ್ತೀವಿ.

ಶನಿವಾರ ನಾಲ್ಕರಿಂದ ಆರು, ಇದೇ ಹಾಲ್. ಆ ಹುಡುಗನ ಪಕ್ಕ ನಾನು ಕೂತ್ಕೊಳ್ತೀನಿ, ನಿನ್ನೆ ಕಾಗುಣಿತದಿಂದ ಶುರು ಮಾಡಿದ್ವಿ. ಇನ್ನೂ ಆರು ಮಕ್ಕಳಿದ್ದಾರೆ. ನಿಮ್ಮಲ್ಲಿ ಆರು ಜನ ಬೇಕು, ಒಂದು ವಾರಕ್ಕಲ್ಲ, ಒಂದು ವರ್ಷಕ್ಕೆ. ಹೆಸರು ಕೊಡೋರು ಪ್ರಾರ್ಥನೆ ಆದ್ಮೇಲೆ ಮುಂದೆ ಬನ್ನಿ. ಎದ್ದು ನಿಲ್ಲೋಣ.